ಪಾದ್ರಿಗಳಲ್ಲದವರು

ಕ್ರೈಸ್ತ ಗುರುಗಳನ್ನು ಕರೆಯುವುದಕ್ಕೆ ನಮ್ಮ ನಾಡಿನಲ್ಲಿ ಹೆಸರುಗಳ ಬರವಿಲ್ಲ. ಪೋರ್ಚುಗೀಸರಿಂದ ಬಂದ ‘ಪಾದ್ರಿ’ ಇದೆ. ಇಂಗ್ಲಿಷಿನ ‘ಫಾದರ್’, ‘ಪಾಸ್ಟರ್’, ‘ರೆವರೆಂಡ್’ ಇವೆ. ಮೈಸೂರು ಸೀಮೆಯಲ್ಲಿ ‘ಅಯ್ಯನವರು’ ಎಂದೂ ‘ಸ್ವಾಮಿಗಳು’ ಎಂದೂ ಕರೆಯುತ್ತಾರೆ. ಮಂಗಳೂರಿನ ಕೊಂಕಣಿಗರಿಗೆ ಅವರು ‘ಪಾದ್ರ್ಯಾಬ್’. ಪುಸ್ತಕದ ಕನ್ನಡದಲ್ಲಿ ‘ಸಭಾಪಾಲಕರು’, ‘ಧರ್ಮಗುರುಗಳು’. ಸರಿ, ಪಾದ್ರಿಗಳಲ್ಲದ ಉಳಿದವರನ್ನು ಏನೆಂದು ಕರೆಯಬೇಕು? ಬೆಂಚಿನ ಮೇಲೆ ಕೂತು ಹಾಡುವವರು, ಕಾಣಿಕೆ ಹಾಕುವವರು, ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟುವವರು, ಸತ್ತವರ ಮನೆಗೆ ಮೊದಲು ಓಡುವವರು. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಮಂದಿ ಇವರೇ. ಇವರಿಗೆ ಇವರದೇ ಆದ ಒಂದು ಹೆಸರು ಹೇಳಿ ಎಂದರೆ ತಡವರಿಸುತ್ತೇವೆ. ಹುಡುಕಿ ಹುಡುಕಿ ಸಿಗುವುದು ‘ಪಾದ್ರಿಗಳಲ್ಲದವರು’ ಎಂಬ ಅರ್ಥದ್ದೇ.

ಊರಿನಲ್ಲಿದ್ದಷ್ಟು ದಿನ ಈ ಪ್ರಶ್ನೆ ನನಗೆ ಎದುರಾಗಲೇ ಇಲ್ಲ. ಧಾರವಾಡ ಸೀಮೆಯ ನಮ್ಮ ಊರಿನಲ್ಲಿ ಬಾಸೆಲ್ ಮಿಶನ್ ಕಾಲದ ದೇವಾಲಯವಿತ್ತು, ಪಾದ್ರಿಗಳಿದ್ದರು, ಅವರಿಗೊಂದು ಬಂಗಲೆಯಿತ್ತು, ಗಂಟೆ ಬಾರಿಸುವವನಿದ್ದ. ನಾವು ಹೋಗಿ ಕೂಡುತ್ತಿದ್ದೆವು, ಎದ್ದು ಬರುತ್ತಿದ್ದೆವು. ಅಂಗಡಿಗೆ ಹೋದವನಿಗೆ ‘ನೀನು ಗಿರಾಕಿ’ ಎಂದು ಯಾರೂ ಬೇರೆ ಹೇಳಬೇಕಾಗಿಲ್ಲವಷ್ಟೆ. ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿ ಮುಂಬೈಗೆ ಬಂದ ಮೇಲೆ ಅಲ್ಲಿಯ ಒಂದು ಸಣ್ಣ ಕನ್ನಡ ಸಭೆಗೆ ಸೇರಿಕೊಂಡೆ. ಸಭೆ ಎಂದರೆ ನಮ್ಮ ಮಾತಿನಲ್ಲಿ ಕಟ್ಟಡವಲ್ಲ, ಜನ. ಕಟ್ಟಡ ನಮ್ಮದಾಗಿರಲೂ ಇಲ್ಲ. ಮರಾಠಿ ಸಭೆಯವರ ದೇವಾಲಯ ಭಾನುವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಮಗೆ ಸಿಗುತ್ತಿತ್ತು. ನಮ್ಮದೇ ಪಾದ್ರಿಗಳೂ ಇರಲಿಲ್ಲ. ತಿಂಗಳಿಗೊಮ್ಮೆ ಒಬ್ಬರು ರೈಲಿನಲ್ಲಿ ಬಂದು ಕರ್ತನ ಭೋಜನ ನಡೆಸಿಕೊಟ್ಟು ರಾತ್ರಿ ಗಾಡಿಗೆ ಹೋಗಿಬಿಡುತ್ತಿದ್ದರು. ಉಳಿದ ಭಾನುವಾರಗಳು ನಮ್ಮ ಪಾಲಿಗೆ. ಟೇಲರ್ ಕಾಕಾ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯರೊಬ್ಬರು ಆರಾಧನೆ ನಡೆಸುವರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಅಕ್ಕ ವೇದಪಾಠ ಓದುವರು. ರೈಲ್ವೆ ವರ್ಕ್‌ಶಾಪಿನ ಫಿಟರ್ ಒಬ್ಬರು ಪ್ರಸಂಗ ಮಾಡುವರು. ರಾತ್ರಿ ಪಾಳಿ ಮುಗಿಸಿ ಬಂದವರು ತೂಕಡಿಸಿದರೆ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಾಳೆ ತಮ್ಮದೂ ಅದೇ ಪಾಳಿ ಎಂಬುದು ಅವರಿಗೆ ಗೊತ್ತಿತ್ತು.

ಆರಾಧನೆ ನಡೆಸುವವರಿಗೆ ಕಾಗದಪತ್ರಗಳಲ್ಲಿ ಇದ್ದ ಹೆಸರು ‘ಲೇ ರೀಡರ್’. ನಮ್ಮ ಕಡೆ ‘ಲೇ’ ಎಂದು ಯಾರನ್ನು ಕರೆಯುತ್ತಾರೆ ಎಂಬುದನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟೇಲರ್ ಕಾಕಾ ಅದನ್ನೇ ಹಿಡಿದು ನಗುತ್ತಿದ್ದರು: “ಪಾದ್ರಿಗೋಳಿಗೆ ‘ರೆವರೆಂಡ್’, ನಮಗ ‘ಲೇ’. ಹೆಸರಿನ್ಯಾಗ ಎಲ್ಲಾ ಬಂತಲ್ಲೋ ತಮ್ಮಾ!” ಅದು ನಗೆಯ ಮಾತೇ. ಆದರೂ ಒಂದು ಪದ ಒಬ್ಬ ಮನುಷ್ಯನನ್ನು ಎಲ್ಲಿ ಕೂರಿಸುತ್ತದೆ ಎಂಬುದು ನಕ್ಕು ಬಿಡುವ ವಿಷಯವಲ್ಲ ಎಂದು ನನಗೆ ಬರಬರುತ್ತ ಅನ್ನಿಸತೊಡಗಿತು.

ಈ ‘ಲೇ’ ಎಲ್ಲಿಂದ ಬಂತು? ಗ್ರೀಕಿನ ‘ಲಾವೊಸ್’ ಎಂಬ ಪದದಿಂದ. ಲಾವೊಸ್ ಅಂದರೆ ಜನ, ಪ್ರಜೆ. ಬೈಬಲಿನ ಗ್ರೀಕಿನಲ್ಲಿ ದೇವರ ಜನ ಎನ್ನುವುದಕ್ಕೆ ಬಳಸುವ ಪದ ಇದೇ. ಅದರಲ್ಲಿ ಎಲ್ಲರೂ ಸೇರಿದರು, ಯಾರೂ ಹೊರಗಿಲ್ಲ. ಇನ್ನು ‘ಕ್ಲರ್ಜಿ’ ಎಂಬ ಪದದ ಬೇರು ‘ಕ್ಲೇರೊಸ್’. ಚೀಟಿ ಎತ್ತಿದಾಗ ಪಾಲಿಗೆ ಬಂದದ್ದು, ಪಾಲು ಎಂದು ಅರ್ಥ. ತಮಾಷೆಯೆಂದರೆ ಪೇತ್ರನ ಮೊದಲನೆಯ ಪತ್ರದಲ್ಲಿ ಈ ಕ್ಲೇರೊಸ್ ಎಂಬ ಮಾತು ಬರುವುದು ಹಿರಿಯರ ವಶಕ್ಕೆ ಕೊಟ್ಟ ಜನರನ್ನು ಕುರಿತು. ಆಗ ಜನವೇ ‘ಪಾಲು’. ಇನ್ನೂ ಒಂದು ವಿಷಯವಿದೆ. ನಮ್ಮ ಕನ್ನಡ ಬೈಬಲಿನಲ್ಲಿ ‘ಯಾಜಕ’ ಎಂಬ ಪದವಿದೆಯಲ್ಲ, ಹೊಸ ಒಡಂಬಡಿಕೆಯಲ್ಲಿ ಅದು ಯೆಹೂದ್ಯರ ದೇವಾಲಯದ ಯಾಜಕರಿಗೆ ಬಂದಿದೆ, ಕ್ರಿಸ್ತನಿಗೆ ಬಂದಿದೆ, ನಂಬಿದ ಜನರಿಗೆಲ್ಲ ಒಟ್ಟಾಗಿ ಬಂದಿದೆ. ಸಭೆಯ ಒಬ್ಬ ಅಧಿಕಾರಿಗೆಂದು ಮೀಸಲಾಗಿ ಎಲ್ಲಿಯೂ ಬಂದಿಲ್ಲ. ಇಂಗ್ಲಿಷಿನ ‘ಪ್ರೀಸ್ಟ್’ ಎಂಬ ಪದವಾದರೂ ಹುಟ್ಟಿದ್ದು ‘ಹಿರಿಯ’ ಎಂಬರ್ಥದ ಗ್ರೀಕ್ ಪದದಿಂದ. ನಮ್ಮಲ್ಲೋ ‘ಸಭಾಹಿರಿಯರು’ ಎಂದರೆ ಪಾದ್ರಿಗಳಲ್ಲದವರು!

ಮೊದಲ ಶತಮಾನ ಮುಗಿಯುವ ಹೊತ್ತಿಗೆ ರೋಮಿನ ಕ್ಲೆಮೆಂಟ್ ಕೊರಿಂಥದವರಿಗೆ ಬರೆದ ಪತ್ರದಲ್ಲಿ ‘ಲಾಯಿಕೊಸ್’ ಎಂಬ ಪದ, ಯಾಜಕರಿಗಿಂತ ಬೇರೆಯಾದವನು ಎನ್ನುವ ಅರ್ಥದಲ್ಲಿ ಕಾಣಿಸಿಕೊಂಡಿತು. ಆಮೇಲೆ ಆ ಗೆರೆ ದಪ್ಪವಾಗುತ್ತಾ ಹೋಯಿತು. 1140ರ ಸುಮಾರಿಗೆ ಚರ್ಚಿನ ಕಾನೂನುಗಳನ್ನು ಒಟ್ಟುಮಾಡಿದ ಗ್ರೇಶಿಯನ್‌ನ ಸಂಗ್ರಹದಲ್ಲಿ ಕ್ರೈಸ್ತರಲ್ಲೇ ಎರಡು ಬಗೆ ಎಂಬ ಮಾತು ಸೇರಿತು. 1520ರಲ್ಲಿ ಮಾರ್ಟಿನ್ ಲೂಥರ್ ಆ ಗೆರೆಯನ್ನು ಅಳಿಸಲು ಹೊರಟ. ದೀಕ್ಷಾಸ್ನಾನವಾದ ಪ್ರತಿಯೊಬ್ಬನೂ ಯಾಜಕನೇ ಎಂದು ವಾದಿಸಿದ. ಅವನ ಮಾತನ್ನು ಒಪ್ಪಿಕೊಂಡ ಸಭೆಗಳಲ್ಲೂ ಗೆರೆ ಪೂರ್ತಿ ಅಳಿಯಲಿಲ್ಲ. ಕಥೋಲಿಕರ ಕಡೆ 1906ರಷ್ಟು ಈಚೆಗೂ ಹತ್ತನೆಯ ಪಯಸ್ ಪೋಪರು ತಮ್ಮ ಒಂದು ಪತ್ರದಲ್ಲಿ, ಜನಸಮೂಹದ ಕರ್ತವ್ಯ ಕುರುಬರ ಹಿಂದೆ ವಿಧೇಯವಾಗಿ ನಡೆಯುವುದು ಎನ್ನುವ ಅರ್ಥದಲ್ಲಿ ಬರೆದರು.

ಪದದ ಅರ್ಥ ಇನ್ನೊಂದು ದಾರಿಯಲ್ಲೂ ಇಳಿಯಿತು. ನಡುಗಾಲದ ಯುರೋಪಿನಲ್ಲಿ ಓದುಬರಹ ಬಲ್ಲವರು ಬಹುಮಟ್ಟಿಗೆ ಚರ್ಚಿನ ಗುರುಗಳೇ. ಹಾಗಾಗಿ ‘ಕ್ಲೆರಿಕಸ್’ ಅಂದರೆ ಬರೆಯಬಲ್ಲವನು ಎಂದಾಯಿತು. ಅದರಿಂದಲೇ ‘ಕ್ಲರ್ಕ್’ ಬಂದದ್ದು. ಆ ಲೆಕ್ಕಕ್ಕೆ ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ತುಂಬುತ್ತಾ ಕುಳಿತಿದ್ದ ನಾನು ವಾರದಲ್ಲಿ ಆರು ದಿನ ಕ್ಲರ್ಜಿ, ಏಳನೆಯ ದಿನ ಮಾತ್ರ ಲೇಮನ್! ಇತ್ತ ‘ಲೇ’ ಅಂದರೆ ಓದುಬರಹ ಬಾರದವನು, ವಿಷಯ ತಿಳಿಯದವನು ಎಂದಾಯಿತು. ಇವತ್ತಿಗೂ ಡಾಕ್ಟರು, ವಕೀಲರು “ಲೇಮನ್ ಭಾಷೆಯಲ್ಲಿ ಹೇಳ್ತೀನಿ” ಎಂದರೆ ನಿಮಗೇನೂ ಗೊತ್ತಿಲ್ಲ ಎಂದು ಮರ್ಯಾದೆಯಿಂದ ಹೇಳಿದ ಹಾಗೆ. ‘ಜನ’ ಎಂಬ ಪೂರ್ಣ ಪದ ಹೀಗೆ ಸವೆದು ಸವೆದು ‘ಬಾರದವನು’ ಎಂಬಲ್ಲಿಗೆ ಬಂದು ನಿಂತಿತು.

ಪರವೂರಿನಲ್ಲಿರುವುದರಿಂದ ಒಂದು ಅನುಕೂಲವಿದೆ. ಪಕ್ಕದ ಮನೆಯವರ ಭಾಷೆ ಕಿವಿಗೆ ಬೀಳುತ್ತಿರುತ್ತದೆ. ನಮ್ಮ ಪದವನ್ನು ಅವರ ಪದದ ಪಕ್ಕ ಇಟ್ಟು ನೋಡಬಹುದು. ನಮ್ಮ ಕಟ್ಟಡದಲ್ಲಿದ್ದ ಮಲಯಾಳಿಗಳು ತಮ್ಮನ್ನು ‘ಅಲ್ಮಾಯರ್’ ಎಂದುಕೊಳ್ಳುವರು. ಅದು ಅವರ ಹಳೆಯ ಪೂಜಾಭಾಷೆಯಾದ ಸಿರಿಯಾಕ್‌ನಿಂದ ಬಂದದ್ದು. ‘ಆಲ್ಮಾ’ ಅಂದರೆ ಲೋಕ, ಅಲ್ಮಾಯನೆಂದರೆ ಲೋಕದವನು. ತಮಿಳು ಕಥೋಲಿಕರು ‘ಪೊದುನಿಲೈಯಿನರ್’ ಎನ್ನುತ್ತಾರೆ. ‘ಪೊದು’ ಎಂದರೆ ಎಲ್ಲರಿಗೂ ಸೇರಿದ್ದು, ಸಾರ್ವಜನಿಕವಾದದ್ದು. ದೆಹಲಿಯ ಕಡೆ ಹಿಂದಿ ಕಥೋಲಿಕರು ಬಳಸುವುದು ‘ಲೋಕಧರ್ಮಿ’ ಎಂಬ ಪದವನ್ನು. ಲೋಕದಲ್ಲಿದ್ದು ಧರ್ಮ ನಡೆಸುವವನು ಎಂದು ಅದನ್ನು ಬಿಡಿಸಿಕೊಂಡರೆ ಎಷ್ಟು ಗೌರವದ ಪದ! ಮಂಗಳೂರು ಕೊಂಕಣಿ ಕ್ರೈಸ್ತರಲ್ಲಿ ವಾಡೆಗೊಬ್ಬ ‘ಗುರ್ಕಾರ್’ ಇರುತ್ತಾನೆ. ಅವನು ಪಾದ್ರಿಯಲ್ಲ, ವಾಡೆಯ ಮನೆಗಳ ಕಷ್ಟಸುಖಕ್ಕೆ ಮುಂದೆ ನಿಲ್ಲುವವನು. ಅವನಿಗೆ ಅವನ ಕೆಲಸದಿಂದಲೇ ಹೆಸರು ಬಂದಿದೆ, ಇಲ್ಲದಿರುವುದರಿಂದಲ್ಲ.

ನಮ್ಮ ಕನ್ನಡದಲ್ಲಿ? ಕನ್ನಡ ಕಥೋಲಿಕರ ಬರಹಗಳಲ್ಲಿ ಲೈಟಿ ಎನ್ನುವುದಕ್ಕೆ ‘ಶ್ರೀಸಾಮಾನ್ಯರು’ ಎಂಬ ಪದ ನಡೆದುಬಂದಿದೆ. ಕನ್ನಡಿಗರಿಗೆ ಈ ಪದ ಹತ್ತಿರವಾದದ್ದು ಕುವೆಂಪು ಅವರಿಂದ. ಸಾಮಾನ್ಯನ ಹಿಂದೆ ಒಂದು ‘ಶ್ರೀ’ ಹಚ್ಚಿದ್ದು ಸಣ್ಣ ಕೆಲಸವೇನಲ್ಲ. ಅರಮನೆ, ಗುರುಮನೆಗಳ ಮುಂದಿದ್ದ ಶ್ರೀಕಾರವನ್ನು ತಂದು ಹೊಲಗದ್ದೆಯವನ ಹೆಸರಿನ ಮುಂದೆ ಇಟ್ಟ ಹಾಗಾಯಿತು. ಆದರೆ ಚರ್ಚಿನ ಪ್ರಕಟಣೆಯಲ್ಲಿ “ಗುರುಗಳು, ಕನ್ಯಾಸ್ತ್ರೀಯರು ಮತ್ತು ಶ್ರೀಸಾಮಾನ್ಯರು” ಎಂದು ಸಾಲಾಗಿ ಓದಿದಾಗ ಕಿವಿಗೆ ಕೇಳುವುದು ಶ್ರೀ ಅಲ್ಲ, ಸಾಮಾನ್ಯ. ಪದ ಒಂದೇ, ಅದು ನಿಂತ ಸಾಲು ಬೇರೆ, ಅರ್ಥವೂ ಬೇರೆಯಾಯಿತು.

ಸಾಮಾನ್ಯ ಎಂದಾಗ ಮುಂಬೈಯಲ್ಲಿದ್ದವರಿಗೆ ಆರ್.ಕೆ. ಲಕ್ಷ್ಮಣ್ ನೆನಪಾಗದೆ ಇರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಮುಂಬೈಗೆ ಬಂದು, ಕೊನೆಗೆ 2015ರಲ್ಲಿ ಪುಣೆಯಲ್ಲಿ ತೀರಿಕೊಂಡವರು. ಪಂಚೆ, ಚೌಕಳಿ ಕೋಟಿನ ಅವರ ಕಾಮನ್ ಮ್ಯಾನ್ ವರಳಿಯ ಕಡಲತೀರದಲ್ಲಿ ಪ್ರತಿಮೆಯಾಗಿ ನಿಂತ. ಪುಣೆಯಲ್ಲೂ ಅವನ ಪ್ರತಿಮೆ ಇದೆ. ಅವನ ವಿಶೇಷವೇನು? ಎಲ್ಲ ಕಡೆ ಇರುತ್ತಾನೆ, ಎಲ್ಲವನ್ನೂ ನೋಡುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಮಂತ್ರಿಗಳು ಮಾತಾಡುತ್ತಾರೆ, ಅಧಿಕಾರಿಗಳು ಮಾತಾಡುತ್ತಾರೆ, ಅವನ ಹೆಂಡತಿಯೂ ಮಾತಾಡುತ್ತಾಳೆ, ಅವನಿಲ್ಲ. ಚರ್ಚುಗಳ ಸಾಮಾನ್ಯನೂ ಎಷ್ಟೋ ಕಡೆ ಹೀಗೆಯೇ ಬದುಕಿಬಿಟ್ಟಿದ್ದಾನೆ. ಅನೇಕ ಸಭೆಗಳಲ್ಲಿ ವರ್ಷಕ್ಕೊಂದು ‘ಲೈಟಿ ಸಂಡೆ’ ಆಚರಿಸುತ್ತಾರೆ. ಅವತ್ತು ಪಾದ್ರಿಗಳಲ್ಲದವರಿಗೆ ಪೀಠದಿಂದ ಮಾತಾಡುವ ಅವಕಾಶ. ಒಳ್ಳೆಯದೇ. ಉಳಿದ ಐವತ್ತೊಂದು ಭಾನುವಾರ ಯಾರದು ಎಂದು ಮಾತ್ರ ಕೇಳಬಾರದು.

ಹಾಗೆ ನೋಡಿದರೆ ಕನ್ನಡದ ನೆಲಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಜೈನರಲ್ಲಿ ಸಂಘವೆಂದರೆ ನಾಲ್ಕು ಬಗೆ: ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ. ಮನೆ ಮಠ ಬಿಡದೆ ಸಂಸಾರದಲ್ಲಿರುವವರು ಶ್ರಾವಕರು, ಎಂದರೆ ಕೇಳುವವರು. ಮುನಿಗೆ ಮಹಾವ್ರತವಾದರೆ ಶ್ರಾವಕನಿಗೆ ಅಣುವ್ರತ. ಅಳತೆ ಸಣ್ಣದು, ವಸ್ತು ಅದೇ. ಅಹಿಂಸೆ ಮುನಿಗೆ ಮಾತ್ರ, ವ್ಯಾಪಾರಿಗೆ ಬೇಡ ಎಂದು ಅವರು ಹೇಳಲಿಲ್ಲ. ಹೆಂಗಸರಿಗೆ ಬೇರೆಯಾಗಿಯೇ ಹೆಸರಿದೆ ಎಂಬುದನ್ನೂ ಗಮನಿಸಬೇಕು. ನಮ್ಮ ‘ಲೇಮನ್’ ಎಂಬ ಪದದಲ್ಲಿ ಬೆಂಚಿನ ಅರ್ಧಕ್ಕಿಂತ ಹೆಚ್ಚು ತುಂಬಿದ ಅಕ್ಕಂದಿರು, ಅವ್ವಂದಿರು ಕಾಣುವುದೇ ಇಲ್ಲ. ಬೌದ್ಧರಲ್ಲಿ ಉಪಾಸಕ, ಉಪಾಸಿಕೆ; ಹತ್ತಿರ ಕುಳಿತವರು ಎಂದು ಅದರ ಅರ್ಥ. ಕೇಳುವುದೂ ಹತ್ತಿರ ಕೂರುವುದೂ ಮಾಡುವ ಕೆಲಸಗಳು. ‘ಅಲ್ಲದವನು’ ಎಂಬುದು ಕೆಲಸವಲ್ಲ.

ನಮ್ಮದೇ ‘ದೀಕ್ಷಾಸ್ನಾನ’ ಎಂಬ ಪದವನ್ನು ನೋಡಿ. ಕನ್ನಡದಲ್ಲಿ ದೀಕ್ಷೆ ಎಂದರೆ ಹಗುರ ಮಾತಲ್ಲ. ಸನ್ಯಾಸಕ್ಕೆ ದೀಕ್ಷೆ, ಲಿಂಗದೀಕ್ಷೆ, ಗುರುವಿನಿಂದ ಪಡೆಯುವ ದೀಕ್ಷೆ. ಬ್ಯಾಪ್ಟಿಸಮ್ ಎಂಬ ಗ್ರೀಕ್ ಪದಕ್ಕೆ ಮುಳುಗಿಸುವುದು ಎಂಬಷ್ಟೇ ಅರ್ಥ. ಅದನ್ನು ಕನ್ನಡಕ್ಕೆ ತಂದವರು ಬರೀ ಸ್ನಾನ ಎನ್ನದೆ ‘ದೀಕ್ಷಾಸ್ನಾನ’ ಎಂದರು. ಹಾಗಾದರೆ ಆ ನೀರು ತಲೆಗೆ ಬಿದ್ದ ಪ್ರತಿ ಕೂಸೂ ದೀಕ್ಷೆ ಪಡೆದದ್ದೇ ಆಯಿತಲ್ಲ? ದೀಕ್ಷೆಯಾದ ಮೇಲೂ ಅದು ‘ಸಾಮಾನ್ಯ’ ಹೇಗಾಗುತ್ತದೆ? ಕುವೆಂಪು ಬರೆದ ಒಂದು ಪದ್ಯದ ಹೆಸರೇ ‘ಶ್ರೀಸಾಮಾನ್ಯರ ದೀಕ್ಷಾಗೀತೆ’. ಚರ್ಚಿನ ಹೊರಗಿದ್ದವರು ಸಾಮಾನ್ಯತೆಯನ್ನೂ ದೀಕ್ಷೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಚರ್ಚಿನ ಒಳಗಿರುವ ನಾವು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ.

ಇಷ್ಟೆಲ್ಲ ಪದಗಳ ಜಗ್ಗಾಟ ಯಾತಕ್ಕೆ ಎಂದು ನೀವು ಕೇಳಬಹುದು. ಯಾತಕ್ಕೆಂದರೆ, ಪದ ಒಮ್ಮೊಮ್ಮೆ ಸಾವಿನ ಮನೆಗೂ ಬಂದು ನಿಲ್ಲುತ್ತದೆ. ಒಂದು ಜುಲೈನಲ್ಲಿ ನಮ್ಮ ಸಭೆಯ ಯುವಕನೊಬ್ಬ ಜ್ವರದಲ್ಲಿ ತೀರಿಕೊಂಡ. ಗದಗ ಕಡೆಯವನು, ಮದುವೆಯಾಗಿರಲಿಲ್ಲ. ಮಳೆಗೆ ರೈಲು ನಿಂತಿದ್ದವು. ನಮ್ಮ ಪಾದ್ರಿಗಳು ಬರುವಂತಿರಲಿಲ್ಲ. ಮರಾಠಿ ಸಭೆಯ ಪಾದ್ರಿಗಳು ಊರಲ್ಲಿರಲಿಲ್ಲ. ಊರಿಗೆ ಒಯ್ಯುವುದೂ ಆಗದ ಮಾತು. ಸ್ಮಶಾನದಲ್ಲಿ ಮೊಳಕಾಲುದ್ದ ನೀರು. ಟೇಲರ್ ಕಾಕಾ ಕೊಡೆಯ ಕೆಳಗೆ ನಿಂತು ಪ್ರಾರ್ಥನಾ ಪುಸ್ತಕದಿಂದ ಓದಿದರು, ಫಿಟರ್ ಎರಡು ಮಾತು ಹೇಳಿದರು, ನರ್ಸ್ ಅಕ್ಕ ಹಾಡು ಎತ್ತಿಕೊಟ್ಟರು, ಎಲ್ಲರೂ ಮಣ್ಣು ಹಾಕಿದೆವು. ಮೂರು ದಿನದ ಮೇಲೆ ಊರಿನಿಂದ ಅವನ ತಾಯಿ ಫೋನು ಮಾಡಿದರು. ಅತ್ತು ಮುಗಿದ ದನಿ. “ಪಾದ್ರಿಗೋಳು ಇದ್ರೇನಪಾ?” ಎಂದು ಕೇಳಿದರು. ಇರಲಿಲ್ಲ ಎಂದು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಗಾದ್ರ ಅವಂಗ ಪ್ರಾರ್ಥನಿ ಆಗಲಿಲ್ಲ?” ಎಂದರು. “ಆತವ್ವಾ. ಸಭಿಯವ್ರೆಲ್ಲಾ ಮಾಡೇವಿ” ಎಂದೆ. “ಸಭಿಯವ್ರು ಖರೆ, ಆದ್ರ ಪಾದ್ರಿಗೋಳು…” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಆ ತಾಯಿಯನ್ನು ಯಾರೂ ತಪ್ಪು ಹಿಡಿಯುವಂತಿಲ್ಲ. ಮಗನಿಗೆ ಕೊನೆಯದಾಗಿ ಸಲ್ಲಬೇಕಾದ್ದು ಪೂರ್ತಿ ಸಂದಿತೋ ಇಲ್ಲವೋ ಎಂಬುದು ಅವರ ಸಂಕಟ. ಆದರೆ ಆ ಸಂಕಟವನ್ನು ಅಷ್ಟು ದೊಡ್ಡದು ಮಾಡಿದ್ದು ಯಾವುದು? ಪಾದ್ರಿಗಳು ಮಾಡಿದರೆ ಪ್ರಾರ್ಥನೆ, ನಲವತ್ತು ಜನ ಮಳೆಯಲ್ಲಿ ನಿಂತು ಮಾಡಿದರೆ ಅದು ಪ್ರಾರ್ಥನೆಯ ಬದಲಿಗೆ ನಡೆದ ಏನೋ ಒಂದು ಎಂಬ ತಿಳಿವಳಿಕೆ. ಆ ತಿಳಿವಳಿಕೆ ಯಾವ ಧರ್ಮಶಾಸ್ತ್ರದಲ್ಲಿಯೂ ಇಲ್ಲ. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲಿ ಸತ್ತವನ ಗತಿ ಮಣ್ಣು ಮಾಡಿಸಿದವರ ಕೈಯಲ್ಲಿಲ್ಲ. ಗುರುಪಟ್ಟಕ್ಕೆ ಬಹಳ ತೂಕ ಕೊಡುವ ಕಥೋಲಿಕರಲ್ಲೂ, ಸಾಯುವ ಕೂಸಿಗೆ ಗುರುಗಳು ಸಿಗದಿದ್ದರೆ ಯಾರು ಬೇಕಾದರೂ ಸರಿಯಾದ ಮನಸ್ಸಿನಿಂದ ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದು, ಕ್ರೈಸ್ತನಲ್ಲದವನೂ ಕೊಡಬಹುದು. ಲ್ಯಾಟಿನ್ ಸಂಪ್ರದಾಯದವರ ಮದುವೆಯಲ್ಲಿ ಆ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವವರು ಗಂಡು ಹೆಣ್ಣುಗಳೇ. ಗುರುಗಳು ಚರ್ಚಿನ ಪರವಾಗಿ ಸಾಕ್ಷಿ. ಕನ್ಯಾಸ್ತ್ರೀಯರನ್ನು ನಾವೆಲ್ಲ ಗುರುಗಳ ಸಾಲಿಗೆ ಸೇರಿಸಿ ನೋಡುತ್ತೇವಲ್ಲ, 1983ರ ಚರ್ಚ್ ಕಾನೂನಿನ ಪ್ರಕಾರ ಅವರು ಗುರುವರ್ಗದವರಲ್ಲ. ಶಾಸ್ತ್ರ ಇಷ್ಟು ಜಾಗ ಬಿಟ್ಟಿದ್ದರೂ ರೂಢಿ ಬಿಟ್ಟಿಲ್ಲ. ರೂಢಿಯನ್ನು ಹಿಡಿದಿಟ್ಟಿರುವುದು ಪದ.

ಜಪಾನಿನ ಕತೆ ಇಲ್ಲಿ ನೆನಪಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ಪಾದ್ರಿಗಳನ್ನು ಕೊಂದರು, ಓಡಿಸಿದರು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಒಬ್ಬ ಪಾದ್ರಿಯೂ ಇಲ್ಲದೆ ನಾಗಸಾಕಿ ಸುತ್ತಿನ ಬೆಸ್ತರು, ರೈತರು ತಮ್ಮ ವಿಶ್ವಾಸವನ್ನು ಗುಟ್ಟಾಗಿ ಕಾಪಾಡಿಕೊಂಡರು. ಹಬ್ಬದ ದಿನಗಳ ಪಂಚಾಂಗ ಇಟ್ಟುಕೊಳ್ಳಲು ಒಬ್ಬ, ಕೂಸುಗಳಿಗೆ ದೀಕ್ಷಾಸ್ನಾನ ಕೊಡಲು ಒಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸಲು ಒಬ್ಬ ಎಂದು ಊರೂರಲ್ಲಿ ಕೆಲಸ ಹಂಚಿಕೊಂಡಿದ್ದರು. 1865ರ ಮಾರ್ಚಿನಲ್ಲಿ ನಾಗಸಾಕಿಯ ಔರಾದಲ್ಲಿ ಹೊಸದಾಗಿ ಕಟ್ಟಿದ ಚರ್ಚಿಗೆ ಅವರಲ್ಲಿ ಕೆಲವರು ಬಂದು ಫ್ರೆಂಚ್ ಪಾದ್ರಿಯ ಮುಂದೆ ತಾವು ಯಾರೆಂದು ತಿಳಿಸಿದಾಗ ಲೋಕ ಬೆರಗಾಯಿತು. ಅವರನ್ನು ಸಾಮಾನ್ಯರು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಅವರೇನು ಮಾಡಿದರು? ಒಬ್ಬ ನೀರು ಹಾಕಿದ, ಒಬ್ಬ ದಿನ ಎಣಿಸಿದ, ಒಬ್ಬ ಸುದ್ದಿ ಹೇಳಿದ. ಎಲ್ಲ ಸಾಮಾನ್ಯ ಕೆಲಸಗಳೇ.

ಈಗ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇಲ್ಲದಿದ್ದರೆ ಇದು ಪಾದ್ರಿಗಳ ಮೇಲಿನ ದೂರಾಗಿಬಿಡುತ್ತದೆ. ‘ನಾವು ಸಾಮಾನ್ಯರು’ ಎಂಬ ಪದ ಪಾದ್ರಿಗಳು ನಮ್ಮ ತಲೆಯ ಮೇಲೆ ಹೇರಿದ ಹೊರೆ ಮಾತ್ರವಲ್ಲ. ಅದು ನಾವೇ ಹುಡುಕಿಕೊಂಡ ನೆರಳೂ ಹೌದು. “ನಾವೇನು ಪಾದ್ರಿಗಳೇನ್ರೀ?” ಎಂಬ ಒಂದು ಮಾತಿನಿಂದ ಎಷ್ಟು ಜವಾಬ್ದಾರಿಗಳಿಂದ ತಪ್ಪಿಸಿಕೊಳ್ಳಬಹುದು ಯೋಚಿಸಿ. ಲಂಚ ತೆಗೆದುಕೊಳ್ಳದಿರುವುದು, ನೆರೆಯವನನ್ನು ಕ್ಷಮಿಸುವುದು, ಜಾತಿ ನೋಡದೆ ಮದುವೆ ಮಾಡುವುದು, ಇವೆಲ್ಲ ಪೀಠದ ಮೇಲಿರುವವರಿಗೆ. ನಮಗೆ ಭಾನುವಾರ ಹೋಗಿ ಕೇಳಿ ಬಂದರೆ ಸಾಕು. ಪಾದ್ರಿಗಳು ಶುದ್ಧವಾಗಿರಲಿ, ನಮ್ಮ ಪರವಾಗಿಯೂ ಅವರೇ ಶುದ್ಧವಾಗಿರಲಿ. ಅವರು ಎಡವಿದರೆ ಆಡಿಕೊಳ್ಳುವುದಕ್ಕೆ ನಾವು ಮೊದಲು. ಒಂದು ಪದ ಒಬ್ಬನ ಬಾಯಿ ಮುಚ್ಚಿಸುವುದಕ್ಕೂ ಬರುತ್ತದೆ, ಇನ್ನೊಬ್ಬನು ಅದರ ಹಿಂದೆ ಅಡಗುವುದಕ್ಕೂ ಬರುತ್ತದೆ. ಎರಡನೆಯದೇ ಹೆಚ್ಚು ಅಪಾಯ ಎಂದು ನನ್ನ ಎಣಿಕೆ. ಬಾಯಿ ಮುಚ್ಚಿಸಿಕೊಂಡವನಿಗೆ ಒಂದಲ್ಲ ಒಂದು ದಿನ ಸಿಟ್ಟು ಬರುತ್ತದೆ. ನೆರಳಲ್ಲಿ ಕೂತವನಿಗೆ ನಿದ್ದೆ ಬರುತ್ತದೆ.

ಪಾದ್ರಿಗಳಲ್ಲದವರ ಕೈಗೆ ಅಧಿಕಾರ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಸಮಿತಿ ಚುನಾವಣೆ, ಗುಂಪುಗಾರಿಕೆ, ಜಾಗದ ತಕರಾರು, ಕೋರ್ಟು ಕಚೇರಿ. ಇವನ್ನು ನೋಡದ ಸಭೆಯುಂಟೆ? ಖಜಾಂಚಿ ಕೀಲಿಕೈ ಹಿಡಿದ ಮೇಲೆ ಅವನ ಮುಂದೆ ಪಾದ್ರಿಗಳೇ ಕೈಕಟ್ಟಿ ನಿಂತದ್ದನ್ನು ನೋಡಿದ್ದೇನೆ. ಅಂಥವನು ಲೇಮನ್ ಅಲ್ಲ, ಅಂಗಿ ಬದಲಿಸಿದ ಪುರೋಹಿತ. ನಮ್ಮ ಮುಂಬೈ ಸಭೆಯಲ್ಲೂ ಹಾರ್ಮೋನಿಯಂ ಯಾರ ಮನೆಯಲ್ಲಿರಬೇಕು ಎಂಬುದರ ಮೇಲೆ ಎರಡು ಕುಟುಂಬದವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ತಿಂಗಳಿಗೊಮ್ಮೆ ಹೊರಗಿನಿಂದ ಬರುತ್ತಿದ್ದ ಪಾದ್ರಿಗಳು ಇಬ್ಬರ ಮನೆಗೂ ಹೋಗಿ ಚಹಾ ಕುಡಿದು ಅದನ್ನು ಬಗೆಹರಿಸಿದರು. ನಮ್ಮಲ್ಲಿ ಯಾರಿಂದಲೂ ಅದು ಆಗುತ್ತಿರಲಿಲ್ಲ. ನಾವೆಲ್ಲ ಯಾವುದಾದರೂ ಒಂದು ಕಡೆಯವರೇ ಆಗಿದ್ದೆವು. ಯಾರ ಕಡೆಯವನೂ ಅಲ್ಲದೆ ಎಲ್ಲರಿಗೂ ಸೇರಿದ ಒಬ್ಬ ಮನುಷ್ಯ ಬೇಕಾಗುತ್ತಾನೆ. ವೇದವನ್ನು ಕಲಿತು ಕಲಿಸುವುದಕ್ಕೆ, ಸಭೆಯನ್ನು ಒಂದೇ ಮೇಜಿನ ಸುತ್ತ ಕೂಡಿಸುವುದಕ್ಕೆ ಜೀವನವನ್ನೇ ತೆತ್ತವನು ಬೇಕಾಗುತ್ತಾನೆ.

ಹಾಗಾದರೆ ಪ್ರಶ್ನೆ ಪಾದ್ರಿಗಳು ಬೇಕೋ ಬೇಡವೋ ಎಂಬುದಲ್ಲ. ಯಾವುದರಿಂದ ಯಾವುದನ್ನು ಅಳೆಯಬೇಕು ಎಂಬುದು. ಕುಟುಂಬ ಎಂದರೇನು ಎಂದು ಕೇಳಿದರೆ ‘ಯಜಮಾನನನ್ನು ಕಳೆದು ಉಳಿದವರು’ ಎಂದು ಯಾರೂ ಹೇಳುವುದಿಲ್ಲ. ಯಜಮಾನ ಕುಟುಂಬದೊಳಗೆ ಒಬ್ಬ. ಇಡಿಯಾದದ್ದಕ್ಕೆ ಮೊದಲು ಹೆಸರು. ಅದರೊಳಗೆ ಒಂದು ಕೆಲಸ ಮಾಡುವವನಿಗೆ ಆಮೇಲೆ ಹೆಸರು. ನಾವು ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ. ಕೆಲಸದವನ ಹೆಸರಿನಿಂದ ಇಡೀ ಜನಕ್ಕೆ ಹೆಸರಿಟ್ಟಿದ್ದೇವೆ. ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ದಾಖಲೆಯಲ್ಲಿ ಇದನ್ನು ಸರಿಪಡಿಸುವ ಒಂದು ಪ್ರಯತ್ನವಿದೆ. 1963ರ ಕರಡಿನಲ್ಲಿ ಅಧಿಕಾರಶ್ರೇಣಿಯ ಅಧ್ಯಾಯ ಮೊದಲು, ಜನರದ್ದು ಆಮೇಲೆ ಇತ್ತು. ಕೊನೆಗೆ ಒಪ್ಪಿದ ರೂಪದಲ್ಲಿ ‘ದೇವಜನ’ ಎಂಬ ಅಧ್ಯಾಯವನ್ನು ಮುಂದಕ್ಕೆ ತಂದು ಅಧಿಕಾರಶ್ರೇಣಿಯದನ್ನು ಅದರ ಹಿಂದೆ ಇಟ್ಟರು. ಅಧ್ಯಾಯಗಳ ಕ್ರಮ ಬದಲಾಗಿದ್ದೇ ದೊಡ್ಡ ಮಾತಾಯಿತು. 2023ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಬಿಷಪರ ಸಿನೊಡ್‌ನಲ್ಲಿ ಗುರುಪಟ್ಟವಿಲ್ಲದ ಗಂಡಸರು ಹೆಂಗಸರು ಮತ ಹಾಕಿದರು. ಹೆಂಗಸರಿಗೆ ಆ ಹಕ್ಕು ಸಿಕ್ಕಿದ್ದು ಅದೇ ಮೊದಲು. 1947ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ನಮ್ಮ ದಕ್ಷಿಣ ಇಂಡಿಯಾ ಸಭೆಯಲ್ಲಿ ಸಿನೊಡ್‌ಗಳಲ್ಲಿ, ಸಮಿತಿಗಳಲ್ಲಿ ಇಂಥವರಿಗೆ ಜಾಗ ಮೊದಲಿನಿಂದಲೇ ಇದೆ. ಜಾಗವೇನೋ ಇದೆ, ಕೂತವರು ಸ್ಥಾನಕ್ಕಾಗಿ ಕೂತಿದ್ದಾರೋ ಸಭೆಗಾಗಿ ಕೂತಿದ್ದಾರೋ ಎಂಬುದು ಆಯಾ ಊರಿನವರಿಗೆ ಗೊತ್ತು.

ಪರವೂರಿನ ಬದುಕು ಈ ವಿಷಯದಲ್ಲಿ ನಮಗೆ ಒಂದು ಉಪಕಾರ ಮಾಡಿತು. ಅಡಗಲು ನೆರಳು ಕೊಡಲಿಲ್ಲ. ಪಾದ್ರಿಗಳಿಲ್ಲ, ಬಂಗಲೆಯಿಲ್ಲ, ಗಂಟೆಯಿಲ್ಲ. ಬೀಗ ತೆಗೆದು ಕಸ ಗುಡಿಸದಿದ್ದರೆ ಆರಾಧನೆಯಿಲ್ಲ. ಹೊಸದಾಗಿ ಬಂದ ಹುಡುಗನಿಗೆ ಖೋಲಿ ಹುಡುಕಿಕೊಡುವುದು, ಹೆರಿಗೆಯಾದವಳಿಗೆ ಗಂಜಿ ಒಯ್ಯುವುದು, ಮಿಲ್ಲು ಮುಚ್ಚಿ ಕೆಲಸ ಹೋದವನ ಮನೆಯ ಬಾಡಿಗೆಗೆ ಎಲ್ಲರೂ ಕೈಹಚ್ಚುವುದು, ಇವೆಲ್ಲ ‘ಯಾರಾದರೂ’ ಮಾಡುವ ಕೆಲಸಗಳಾಗಿರಲಿಲ್ಲ. ಮಾಡಬೇಕಾದ ಆ ‘ಯಾರೋ’ ನಾವೇ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ನಮ್ಮನ್ನು ನಾವು ಕರೆದುಕೊಳ್ಳುತ್ತಿದ್ದ ಪದವೊಂದಿತ್ತು. ಯಾರೂ ಯೋಚಿಸಿ ಇಟ್ಟದ್ದಲ್ಲ, ತಾನಾಗಿ ಬಾಯಿಗೆ ಬಂದದ್ದು: ‘ಸಭೆಯವರು’. “ಸಭಿಯವ್ರು ಬಂದಾರ, ಚಾ ಇಡು” ಎನ್ನುವರು. ಅದರಲ್ಲಿ ಪಾದ್ರಿಗಳೂ ಸೇರುತ್ತಿದ್ದರು. ತಿಂಗಳಿಗೊಮ್ಮೆ ಬರುವ ಅವರೂ ಸಭೆಯವರೇ. ಆ ಪದದಲ್ಲಿ ಯಾರೂ ‘ಅಲ್ಲದವರು’ ಇರಲಿಲ್ಲ.

ಆ ಗದಗಿನ ತಾಯಿಗೆ ನಾನು ಫೋನಿನಲ್ಲಿ ಹೇಳಿದ್ದೂ ಅದೇ ಪದ. ಅದು ಅವರಿಗೆ ಸಾಕಾಗಲಿಲ್ಲ. ಒಂದು ಪದ ಸಾಕಾಗಬೇಕಾದರೆ ಅದರ ಹಿಂದೆ ಎಷ್ಟೋ ವರ್ಷಗಳ ನಂಬಿಕೆ ಕೂಡಿಬಿದ್ದಿರಬೇಕು. ಊರಿನಲ್ಲಿ ಆ ನಂಬಿಕೆಯೆಲ್ಲ ಒಬ್ಬರ ನಿಲುವಂಗಿಯ ಮೇಲೆ ಜಮೆಯಾಗಿತ್ತು, ಸಭೆಯ ಲೆಕ್ಕಕ್ಕೆ ಜಮೆಯಾಗಿರಲಿಲ್ಲ.

ಮುಂಬೈಯಲ್ಲಿ ಇಪ್ಪತ್ತು ವರ್ಷ ಆರಾಧನೆ ನಡೆಸಿದವರು ರಿಟೈರಾಗಿ ಹುಬ್ಬಳ್ಳಿಗೋ ಧಾರವಾಡಕ್ಕೋ ಮರಳುತ್ತಾರೆ. ಅಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡುತ್ತಾರೆ. “ಹ್ಯಾಂಗದ ಇಲ್ಲಿ?” ಎಂದು ಕೇಳಿದರೆ “ಆರಾಮದ. ಏನೂ ಮಾಡೂದಿಲ್ಲ” ಎನ್ನುತ್ತಾರೆ. ಆ ಆರಾಮಿನಲ್ಲಿ ಒಂದು ಸಣ್ಣ ನೋವೂ ಇದ್ದಂತೆ ನನಗೆ ಕೇಳಿಸುತ್ತದೆ. ಊರಿನ ಸಭೆಗಳಲ್ಲಿ ಇಂಥವರು ಈಗ ಬಹಳ ಮಂದಿ ಇದ್ದಾರೆ. ಪುಣೆಯಿಂದ ಬಂದವರು, ಹೈದರಾಬಾದಿನಿಂದ ಬಂದವರು, ಚೆನ್ನೈಯಿಂದ ಬಂದವರು. ಅವರಿಗೆ ‘ಲೈಟಿ ಸಂಡೆ’ಯ ಒಂದು ಭಾನುವಾರ ಕೊಟ್ಟು ಉಪಚಾರ ಮಾಡುವುದು ಬೇಡ. ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾವ ಹುಡುಗ ಓದು ಬಿಟ್ಟಿದ್ದಾನೆ, ಯಾವ ಮುದುಕಿ ಒಬ್ಬಳೇ ಇದ್ದಾಳೆ ಎಂದು ಅವರಿಗೆ ಹೇಳಿದರೆ ಸಾಕು. ಉಳಿದದ್ದು ಅವರಿಗೆ ಗೊತ್ತಿದೆ. ಪರವೂರಿನಲ್ಲಿ ಮಾಡಿ ಕಲಿತದ್ದು. ಅವರನ್ನು ಯಾವ ಪದದಿಂದ ಕರೆಯುತ್ತೀರಿ ಎಂಬುದು ಆಮೇಲೆ ತಾನಾಗಿಯೇ ಸರಿಹೋದೀತು.